ಪ್ರಿಸಿಲ್ಲವ್ವ ತಿರುಗಿಸಿಟ್ಟ ಮಣೆ

ನಾನು ಒಂದು ಮಣೆ. ಊಟದ ಮಣೆಯಲ್ಲ, ಈಳಿಗೆಮಣೆಯಲ್ಲ, ಚೆನ್ನೆಮಣೆಯಂತೂ ಅಲ್ಲವೇ ಅಲ್ಲ. ನನ್ನ ಮೇಲೆ ಕೂತವರು ಬೈಸಿಕೊಳ್ಳುತ್ತಾರೆ, ಮೊಣಕಾಲೂರಿದವರು ಆಶೀರ್ವಾದ ಪಡೆಯುತ್ತಾರೆ. ಮುಖ ನೋಡಿ ಮಣೆ ಹಾಕುವ ಈ ಲೋಕದಲ್ಲಿ ಮುಖವನ್ನೇ ನೋಡದ ಮಣೆ ನಾನೊಂದೇ. ನಾನು ನಂಬುವುದು ಮಂಡಿಯನ್ನು ಮಾತ್ರ. ಮುಖ ಸುಳ್ಳು ಹೇಳಬಹುದು, ಮಂಡಿ ಹೇಳುವುದಿಲ್ಲ.

ಧಾರವಾಡದ ಕಡೆಯ ಒಂದು ಸಣ್ಣ ಊರಿನ ಕ್ರೈಸ್ತ ದೇವಾಲಯದಲ್ಲಿ ಹಳೆಯ ಬಾಗಿಲು ಕಿತ್ತಾಗ ಉಳಿದ ಸಾಗುವಾನಿಯಿಂದ ಬಡಗಿ ಯೋಹಾನಪ್ಪ ನನ್ನನ್ನು ಕೆತ್ತಿದ. ಮಂಡಿ ಜಾರದಂತೆ ಒಂದು ಅಂಚನ್ನು ತುಸು ಎತ್ತರಿಸಿದ. ಹೀಗಾಗಿ ನನಗೆ ಹಿಂದು ಮುಂದು ಎರಡೂ ಇವೆ. ಹಿಂದುಮುಂದು ನೋಡದೆ ಮಾತಾಡುವವರ ನಡುವೆ ಅದೇ ದೊಡ್ಡ ಮರ್ಯಾದೆ.

ಅಲ್ಲಿ ನನಗೆ ಎರಡು ಕೆಲಸ. ಮದುವೆಯ ದಿನ ನನ್ನನ್ನು ಪೀಠದ ಕಡೆ ಮುಖ ಮಾಡಿ ಇಡುತ್ತಿದ್ದರು. ಸಭೆಯ ಶಿಸ್ತಿಗೆ ಒಳಗಾದವರು ಬಂದರೆ ಜನರ ಕಡೆ ತಿರುಗಿಸುತ್ತಿದ್ದರು. ತಪ್ಪು ಮಾಡಿದವರು ಎಲ್ಲರ ಕಣ್ಣೆದುರು ಮಂಡಿಯೂರಿ 'ಪಾಪ ಮಾಡಿದೆ' ಎನ್ನಬೇಕು. ಅಲ್ಲಿಯವರೆಗೆ ಅವರಿಗೆ, ಯೇಸುವಿನ ನೆನಪಿಗೆ ತಿಂಗಳಿಗೊಮ್ಮೆ ಹಂಚುವ ಪ್ರಭುಭೋಜನದ ರೊಟ್ಟಿಯೂ ಇಲ್ಲ, ದ್ರಾಕ್ಷಾರಸವೂ ಇಲ್ಲ.

ನಾನು ಚೆನ್ನಾಗಿ ಬಲ್ಲ ಮಂಡಿ ಪ್ರಿಸಿಲ್ಲವ್ವನದು. ಆಸ್ಪತ್ರೆಯ ನರ್ಸು. ದಿನಾ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಸೆರಗು ತಲೆಗೆ ಹೊದ್ದು ನನ್ನ ಮೇಲೆ ಮಂಡಿಯೂರುತ್ತಿದ್ದಳು. "ಅಪ್ಪಾ, ಇವತ್ತ ಏನ್ ಹೇಳ್ತೀಯೋ ಹೇಳು, ಮಾಡ್ತೀನಿ." ಅವಳ ಪ್ರಾರ್ಥನೆ ಇಷ್ಟೇ. ಮೂವತ್ತು ವರ್ಷದಲ್ಲಿ ಒಂದು ತಿಂಗಳೂ ಪ್ರಭುಭೋಜನ ತಪ್ಪಿಸಿದವಳಲ್ಲ.

ಇನ್ನು ಸಭಾ ಹಿರಿಯ ಸಮಾಧಾನಪ್ಪ. ಹೆಸರಲ್ಲಿದ್ದದ್ದು ಮನುಷ್ಯನಲ್ಲಿ ಇರಲಿಲ್ಲ. ಅವನ ದನಿಯನ್ನು ನಾನು ಇಂದಿಗೂ ಮಾಡಿ ತೋರಿಸಬಲ್ಲೆ. ಮೊದಲು "ಕ್ಹೂಂ" ಎಂಬ ಕೆಮ್ಮು, ಆಮೇಲೆ "ಸಭೆಯೇಏಏ", ಮತ್ತೊಮ್ಮೆ "ಕ್ಹೂಂ". ಮಂಡಿಯೂರುವ ಮುನ್ನ ಕರ್ಚೀಫು ಹಾಸುತ್ತಿದ್ದ. ದೇವರಿಗೆ ಬಾಗಲಿ, ಪ್ಯಾಂಟಿನ ಇಸ್ತ್ರಿ ಮುರಿಯದಿರಲಿ!

ಆ ವರ್ಷದ ಶುಭ ಶುಕ್ರವಾರ, ಮಟಮಟ ಮಧ್ಯಾಹ್ನ. ಗೇಟಿನ ಬಳಿ ಗಾರೆ ಕೆಲಸದ ಹೆಂಗಸೊಬ್ಬಳು ಬಿಸಿಲಿಗೆ ತಲೆ ತಿರುಗಿ ಕುಸಿದು ಕೂತು ನೀರು ನೀರು ಎನ್ನುತ್ತಿದ್ದಳು. ಹೂಜಿ ಖಾಲಿ, ನಲ್ಲಿ ಒಣಗಿತ್ತು. ಆರಾಧನೆಯ ಕೊನೆಗೆ ಹಂಚಬೇಕಾದ ದ್ರಾಕ್ಷಾರಸದ ಪಾತ್ರೆ ಪೀಠದ ಮೇಲಿತ್ತು. ಪ್ರಿಸಿಲ್ಲವ್ವ ಎದ್ದಳು, ಎಲ್ಲರೆದುರು ಪಾತ್ರೆ ಎತ್ತಿಕೊಂಡಳು, ಹೊರಗೆ ನಡೆದಳು, ಗುಟುಕು ಗುಟುಕಾಗಿ ಆ ಹೆಂಗಸಿಗೆ ಕುಡಿಸಿದಳು. ಹೆಂಗಸು ಚೇತರಿಸಿಕೊಂಡಳು. ಸಭೆಗೆ ತಲೆ ತಿರುಗಿತು.

"ಕ್ಹೂಂ! ದೀಕ್ಷಾಸ್ನಾನ ಆಗದಾಕಿ ಬಾಯಿಗೆ ಪ್ರಭುವಿನ ಪಾತ್ರೆ! ದೇವರ ಭಯ ಐತೇನ ನಿನಗ?"

"ಭಯ ಇದ್ದದ್ದಕ್ಕs ಕೊಟ್ಟೇನ್ರಿ. ಕೊಡದs ಕುಂತಿದ್ರ ಆತನ ಮುಂದ ಹೆಂಗ ನಿಲ್ಲಲಿ?"

ಕಮಿಟಿ ತೀರ್ಮಾನಿಸಿತು: ಮಣೆಯ ಮೇಲೆ ಬಂದು ಕ್ಷಮೆ ಕೇಳಬೇಕು, ಇಲ್ಲವೇ ಪ್ರಭುಭೋಜನ ಬಂದ್.

ಮುಂದಿನ ಭೋಜನದ ಭಾನುವಾರ ನನ್ನನ್ನು ಜನರ ಕಡೆ ಇಟ್ಟರು. ಪ್ರಿಸಿಲ್ಲವ್ವ ಬಂದಳು. ಬಗ್ಗಿ, ಎರಡೂ ಕೈಯಿಂದ ಹಿಡಿದು, ನನ್ನನ್ನು ಪೀಠದ ಕಡೆ ತಿರುಗಿಸಿದಳು. ಜನರಿಗೆ ಬೆನ್ನು ಹಾಕಿ ಮಂಡಿಯೂರಿದಳು.

"ಕ್ಹೂಂ! ಇದೇನ್ ಮದುವಿ ಏನ?" ಸಮಾಧಾನಪ್ಪ ಗದರಿದ. "ತಪ್ಪಾತು ಅನ್ನು!"

"ಮಂಡಿ ಊರಿ ಸುಳ್ಳು ಹೇಳೂದು ನನಗ ಬರಂಗಿಲ್ರಿ."

ಪಾಸ್ಟರ್ ಎಬನೇಜರ್ ಅಯ್ಯನವರು ಉಡುಪಿಯ ಕಡೆಯವರು, ಮೆತ್ತಗಿನ ಮನುಷ್ಯ. ಅಂದು ರೊಟ್ಟಿ ಹಿಡಿದು ಬಂದವರು ಅವಳನ್ನು ದಾಟಿ ಹೋದರು. ಅವಳ ಮಂಡಿ ನನ್ನ ಮೇಲಿಂದ ಸರಿಯಲಿಲ್ಲ. ಮರುತಿಂಗಳೂ ತಿರುಗಿಸಿದಳು, ಅಯ್ಯನವರು ದಾಟಿದರು. ಹೀಗೆ ಹನ್ನೊಂದು ತಿಂಗಳು. ಬೆಳಗಿನ ಪ್ರಾರ್ಥನೆಯಲ್ಲಿ ಮಾತ್ರ ಒಂದು ಮಾತು ಹೆಚ್ಚಾಗಿತ್ತು: "ಹಸಿವಾಗೇತಪ್ಪಾ."

ಹನ್ನೆರಡನೆಯ ತಿಂಗಳು ಅಯ್ಯನವರು ಅವಳ ಹತ್ತಿರ ಬಂದು ನಿಂತರು. ರೊಟ್ಟಿಯ ತಟ್ಟೆಯನ್ನು ವಾಪಸ್ಸು ಪೀಠದ ಮೇಲಿಟ್ಟರು. ಬಂದು ನನ್ನ ಮೇಲೆ, ಅವಳ ಪಕ್ಕದಲ್ಲಿ, ತಾವೂ ಮಂಡಿಯೂರಿದರು.

ಸಾಲಿನ ಮುಂದೆ ಕೈಯೊಡ್ಡಿ ನಿಂತಿದ್ದ ಸಮಾಧಾನಪ್ಪ ಎರಡೆರಡು ಸಲ ಕೆಮ್ಮಿದ. "ಅಯ್ಯನವರs, ಏಳ್ರಿ! ಸಭೆಗೆ ಯಾರ ಕೊಡೋರು?"

"ಎಂಥ ಕೊಡುದು ಮಾರಾಯ್ರೇ? ಇವರಿಗಿಲ್ಲದ್ದು ನನಗೂ ಬೇಡ."

"ಅಯ್ಯನವರ, ನಿಮ್ಮ ಕೆಲಸ ಹೋಗತೈತ್ರಿ," ಎಂದು ಪ್ರಿಸಿಲ್ಲವ್ವ ಪಿಸುಗುಟ್ಟಿದಳು.

"ಹೋಗಲಿ. ಹನ್ನೊಂದು ಸಲ ದಾಟಿ ಹೋದದ್ದಕ್ಕೆ ನಾನಲ್ವಾ ಕ್ಷಮೆ ಕೇಳ್ಬೇಕಾದ್ದು?"

ಇಡೀ ಸಭೆ ಒಡ್ಡಿದ ಕೈ ಒಡ್ಡಿದಂತೆಯೇ ನಿಂತಿತ್ತು. ಆಗ ಹೆಂಗಸರ ಸಾಲಿನಿಂದ ಸಮಾಧಾನಪ್ಪನ ಹೆಂಡತಿ ರಾಹೇಲವ್ವನ ದನಿ: "ಹ್ಞೂಂ ಅನ್ರಿ ಲಗೂನ. ಇಲ್ಲಾಂದ್ರ ನಾನೂ ಹೋಗಿ ಅಲ್ಲೇ ಊರತೀನಿ. ಮಣಿ ಮ್ಯಾಲ ಜಾಗ ಇರದಿದ್ರ ನೆಲದ ಮ್ಯಾಲ!"

ಸಮಾಧಾನಪ್ಪ ಒಡ್ಡಿದ ಕೈ ಮಡಚಿಕೊಂಡ. "ಕೊಡ್ರಿ," ಎಂದ. ಕೆಮ್ಮಿಲ್ಲದೆ ಅವನಾಡಿದ ಮಾತು ಕೇಳಿದ್ದು ಅದೊಂದೇ. ತಾನು ತೆಗೆದುಕೊಳ್ಳದೆ ಹೊರಗೆ ನಡೆದುಬಿಟ್ಟ. ಅಯ್ಯನವರು ಎದ್ದು ಮೊದಲ ತುಣುಕನ್ನು ಪ್ರಿಸಿಲ್ಲವ್ವನ ಅಂಗೈಯಲ್ಲಿಟ್ಟರು. ಅವಳು ತಿಂದಳು, ಕುಡಿದಳು. ಅಳಲಿಲ್ಲ. ಹಸಿದವರು ಊಟದ ಹೊತ್ತಿಗೆ ಅಳುವುದಿಲ್ಲ.

ಅಯ್ಯನವರಿಗೆ ತಿಂಗಳೊಳಗೆ ವರ್ಗವಾಯಿತು. ಅವರ ಬೆನ್ನಿಗೇ ನನಗೂ. 'ಮಣೆಗೆ ಹುಳ ಹಿಡಿದಿದೆ' ಎಂದು ಕಮಿಟಿ ಠರಾವು ಬರೆಯಿತು. ಆಗ ಹುಳ ಇರಲಿಲ್ಲ. ಹಿತ್ತಿಲ ಶೆಡ್ಡಿಗೆ ಬಂದ ಮೇಲೆ, ಠರಾವಿನ ಮಾನ ಉಳಿಸಲೋ ಏನೋ, ನಿಜವಾಗಿಯೂ ಹಿಡಿದವು. ಪಕ್ಕದಲ್ಲಿ ದನಿ ಸತ್ತ ಹಾರ್ಮೋನಿಯಂ ಇದೆ. ಸಮಾಧಾನಪ್ಪನ ಕೆಮ್ಮನ್ನು ಅದಕ್ಕೆ ಮಾಡಿ ತೋರಿಸುತ್ತಾ ಕಾಲ ಹಾಕುತ್ತೇನೆ. ಈಗ ದೇವಾಲಯದೊಳಗೆ ಮೆತ್ತೆ ಹೊಲಿದ ಹೊಸ ಮಣೆಗಳಿವೆಯಂತೆ, ನೆಲಕ್ಕೆ ಬಿಗಿದು ಕೂರಿಸಿದ್ದಾರಂತೆ. ಯಾರೂ ತಿರುಗಿಸದಿರಲಿ ಎಂದಿರಬೇಕು. ಬಿಗಿಯಲಿ! ಮನುಷ್ಯರಿಗೆ ಮೊಳೆ ಹೊಡೆಯಲಾದೀತೇ?

ಮೊನ್ನೆ ಪ್ರಿಸಿಲ್ಲವ್ವ ಶೆಡ್ಡಿಗೆ ಬಂದಿದ್ದಳು. ಮಂಡಿ ಹೋಗಿವೆ, ಊರಲಾಗುವುದಿಲ್ಲ. ಕೋಲನ್ನು ಗೋಡೆಗೊರಗಿಸಿ, ಧೂಳು ಒರೆಸಿ, ಅಂಗೈಯನ್ನು ನನ್ನ ಮೇಲೆ ಒತ್ತಿ ನಿಂತಳು.

"ಅಪ್ಪಾ," ಎಂದಳು, "ಇವತ್ತ ಏನ್ ಮಾಡಬೇಕ ಹೇಳು. ಕಮಿಟಿ ಕಡಿಂದ ಹೇಳಿ ಕಳಿಸಬ್ಯಾಡ, ನೀನs ಹೇಳು."

ಹುಳ ತಿಂದ ಮೈ ನನ್ನದು. ಆದರೂ ಆ ಕೈಯ ಭಾರಕ್ಕೆ ಎಲ್ಲೂ ಕುಸಿಯಲಿಲ್ಲ.