ಗೇರಿಲ್ಲದೆ ಬೆಟ್ಟ ಇಳಿದ ದಿನ

ನಮ್ಮ ಮನೆಯ ಪೋರ್ಟಿಕೋದಲ್ಲಿ ಒಂದು ಕರಿ ಕಲೆ ಇತ್ತು. ಕಾರು ನಿಲ್ಲಿಸುವ ಮನೆಗಳಲ್ಲಿ ಇದೇನು ಹೊಸದಲ್ಲ, ನಿಮ್ಮಲ್ಲೂ ಇರಬಹುದು. ಬೆಳಿಗ್ಗೆ ರಂಗೋಲಿ ಹಾಕುವ ಮೊದಲು ಸೋಪಿನ ಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದೆ. ಮಾರನೇ ದಿನ ಅದೇ ಜಾಗದಲ್ಲಿ ಮತ್ತೆ ಕಲೆ. ನನ್ನ ಗೊಣಗಾಟ ತಾಳಲಾರದೆ ನಮ್ಮ ಯಜಮಾನರು ಒಂದು ಗೋಣಿಚೀಲ ತಂದು ಕಾರಿನ ಕೆಳಗೆ ಹಾಸಿದರು.

"ಇನ್ನು ನೆಲ ಗಲೀಜಾಗಲ್ಲ ಬುಡು" ಎಂದರು.

ನೆಲದ ಚಿಂತೆ ತೀರಿತು. ಆ ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ಮಾತ್ರ ಅವರು ಬಗ್ಗಿ ನೋಡಲಿಲ್ಲ.

ನನ್ನ ಹೆಸರು ಪ್ರೇಮಲೀಲಾ. ನಮ್ಮದು ಮೈಸೂರಿನ ರಾಮಕೃಷ್ಣನಗರ. ಯಜಮಾನರು ಚಂದ್ರಮೌಳಿ, ಲಷ್ಕರ್ ಮೊಹಲ್ಲಾದಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ನಮ್ಮ ಅತ್ತೆ ಮಂಗಳಮ್ಮ, ಕಾಲೇಜಿಗೆ ಹೋಗುವ ಮಗಳು ರಕ್ಷಿತಾ. ಮಹಡಿ ಮನೆಯಲ್ಲಿ ಬಾಡಿಗೆಗಿದ್ದವಳು ಶಿಲ್ಪಶ್ರೀ. ಪಾಲಿಟೆಕ್ನಿಕ್‌ನಲ್ಲಿ ವಾಹನಗಳ ವಿಷಯವನ್ನೇ ಪಾಠ ಹೇಳುವ ಮೇಡಮ್ಮು.

ಯಜಮಾನರು ಮದುವೆಗೆ ಮುಂಚಿನಿಂದಲೂ ಸ್ಕೂಟರ್ ಓಡಿಸಿದವರು. ತೊಂಬತ್ತೆಂಟನೇ ಇಸವಿಯಲ್ಲಿ ಒಂದು ಪುಟ್ಟ ಬಿಳಿ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರು. ಅದು ಬಂದ ಮೇಲೆ ಅವರ ಸಡಗರ ನೋಡಬೇಕಿತ್ತು! ದಿನಾ ತೊಳೆಯುವುದೇನು, ಹಳೇ ಪಂಚೆಯಲ್ಲಿ ಒರೆಸುವುದೇನು. ನನಗೆ ಜ್ವರ ಬಂದಾಗ ಒಂದು ಲೋಟ ಗಂಜಿ ಕಾಯಿಸದ ಮಹಾನುಭಾವರು ಕಾರಿನ ಗಾಜಿಗೆ ಮೂರು ಥರದ ಬಟ್ಟೆ ಇಟ್ಟುಕೊಂಡಿದ್ದರು. ಆಯುಧಪೂಜೆಗೆ ಬಾಳೆಕಂದು, ಸೇವಂತಿಗೆ ಹಾರ, ಬಾನೆಟ್ಟಿನ ಮೇಲೆ ಅಗಲವಾಗಿ ವಿಭೂತಿ, ಚಕ್ರದಡಿಯಲ್ಲಿ ನಿಂಬೆಹಣ್ಣು. ಮೇಲಿನಿಂದ ನೋಡಿದರೆ ಮದುವಣಗಿತ್ತಿ.

ಆದರೆ ಓಡಿಸುತ್ತಿದ್ದದ್ದು ಸ್ಕೂಟರಿನ ಬುದ್ಧಿಯಲ್ಲೇ. ಮೈಸೂರಿನ ಹಳೇ ಸ್ಕೂಟರ್ ಸವಾರರಿಗೆ ನಾನು ಹೇಳುವುದು ಥಟ್ಟನೆ ಅರ್ಥವಾಗುತ್ತದೆ. ಚಾಮುಂಡಿ ಬೆಟ್ಟದ ಮೇಲೆ ಕೈಮುಗಿದು, ಹಿಂದಿರುಗುವಾಗ ಇಂಜಿನ್ ಆಫ್ ಮಾಡಿ, ಸದ್ದಿಲ್ಲದೆ ಸುಯ್ಯನೆ ಊರಿಗೆ ಇಳಿದುಬಿಡುವುದು. ಪೆಟ್ರೋಲೂ ಉಳಿಯಿತು, ತಂಪು ಗಾಳಿಯೂ ಸಿಕ್ಕಿತು. ಅದೇ ವಿದ್ಯೆಯನ್ನು ನಮ್ಮವರು ಕಾರಿಗೂ ತಂದಿದ್ದರು.

ಒಂದು ಭಾನುವಾರ ಶಿಲ್ಪಶ್ರೀ ಮೆಟ್ಟಿಲಿಳಿದು ಬಂದವಳು ಗೋಣಿಚೀಲ ಸರಿಸಿ, ಕಲೆಯನ್ನು ಬೆರಳಲ್ಲಿ ಮುಟ್ಟಿ ಮೂಸಿದಳು.

"ಸಾರ್, ಇದು ಗೇರ್ ಆಯಿಲ್ ಇದ್ದಂಗಿದೆ. ಎಣ್ಣೆ ತಡೆಯೋ ಸೀಲ್ ಹೋಗಿರಬೇಕು. ಯಾವಾಗ ನೋಡ್ಸಿದ್ರಿ?"

"ಆಯಿಲ್ ಚೇಂಜ್ ಮಾಡ್ಸಿದೀನಲ್ಲಮ್ಮ, ಯುಗಾದಿ ಟೈಮಲ್ಲಿ."

"ಅದು ಇಂಜಿನ್ ಆಯಿಲ್ ಸಾರ್. ಗೇರ್‌ಬಾಕ್ಸಿಗೆ ಬೇರೇನೇ ಆಯಿಲ್ ಇರುತ್ತೆ. ಇಂಜಿನ್ನಿಗೆ ಹಾಕಿದ್ದು ಅಲ್ಲಿಗೆ ಹೋಗಲ್ಲ."

ಯಜಮಾನರು ನಕ್ಕರು. "ಗೇರ್‌ಬಾಕ್ಸ್ ಬಗ್ಗೆ ನಂಗೆ ಯೋಚ್ನೆನೇ ಇಲ್ಲ ಕಣಮ್ಮ. ನಾನು ಗೇರನ್ನ ಎಷ್ಟು ಕಮ್ಮಿ ಬಳಸ್ತೀನಿ ಗೊತ್ತಾ? ಎಷ್ಟೋ ಸಲ ಸೆಕೆಂಡಲ್ಲೇ ಎತ್ಕೊಂಡು ಹೋಗ್ತೀನಿ. ಇಳಿಜಾರು ಬಂದ್ರೆ ನ್ಯೂಟ್ರಲ್, ಇಂಜಿನ್ ಆಫು. ಬಳಸಿದ್ರೆ ತಾನೇ ಸವೆಯೋದು?"

ಶಿಲ್ಪಶ್ರೀ ಥಟ್ಟನೆ ಎದ್ದು ನಿಂತಳು.

"ಬೆಟ್ಟದಲ್ಲೂ ಆಫ್ ಮಾಡ್ತೀರಾ ಸಾರ್?"

"ಬೆಟ್ಟದಲ್ಲೇ ಮಾಡೋದು!"

"ದಯವಿಟ್ಟು ಹಾಗ್ಮಾಡ್ಬೇಡಿ. ಇಂಜಿನ್ ಓಡ್ತಿದ್ರೇನೇ ಬ್ರೇಕಿಗೆ ಬಲ ಸಿಗೋದು. ಆಫ್ ಆದ್ಮೇಲೆ ಒಂದೆರಡು ಸಲ ಒತ್ತಿದ್ರೆ ಪೆಡಲ್ಲು ಕಲ್ಲಾಗುತ್ತೆ. ಕೀ ಜಾಸ್ತಿ ತಿರುಗಿಸಿ ಈಚೆಗೆ ಎಳೆದ್ರಂತೂ ಸ್ಟೇರಿಂಗೇ ಲಾಕ್ ಆಗ್ಬೋದು. ಕಾರಿಗೆ ಗೇರೂ ಒಂದು ಬ್ರೇಕೇ ಸಾರ್. ಗೇರು ಬಳಸಿದ್ದಕ್ಕೆ ಕೆಡಲ್ಲ, ಎಣ್ಣೆ ಇಲ್ದೆ ಬಳಸಿದ್ರೆ ಕೆಡುತ್ತೆ."

"ನೀವು ಪುಸ್ತಕದಲ್ಲಿ ಓದಿರೋರು, ನಾನು ರೋಡಲ್ಲಿ ಕಲ್ತಿರೋನು" ಎಂದು ಯಜಮಾನರು ಗಾಜು ಒರೆಸಲು ಹೊರಟರು. ಅಲ್ಲಿಗೆ ಮಾತು ಮುಗಿಯಿತು. ಬಾಡಿಗೆಗಿರುವ ಹುಡುಗಿ ಮಾಲೀಕನಿಗೆ ಎಷ್ಟು ತಾನೇ ಹೇಳಿಯಾಳು?

ಇದಾದ ಸ್ವಲ್ಪ ದಿನಕ್ಕೆ ರಕ್ಷಿತಾಗೆ ಲೈಸೆನ್ಸ್ ಬಂತು. ಕಾರು ಕಲಿಸಿದವರು ಅವರಪ್ಪನೇ. ಅತ್ತೆಗೆ ಹಿಗ್ಗೋ ಹಿಗ್ಗು. "ನನ್ ಮೊಮ್ಮಗಳು ಕಾರು ಓಡಿಸ್ಕೊಂಡು ನನ್ನ ಬೆಟ್ಟಕ್ಕೆ ಕರ್ಕೊಂಡೋಗ್ಲಿ, ಅಮ್ಮನಿಗೆ ಹಣ್ಣುಕಾಯಿ ಮಾಡಿಸ್ಬೇಕು" ಎಂದರು. ಶಿಲ್ಪಶ್ರೀಯನ್ನೂ ಕರೆದೆವು. ಮುಂದೆ ಅಪ್ಪ ಮಗಳು, ಹಿಂದೆ ಅತ್ತೆ, ನಾನು, ಶಿಲ್ಪಶ್ರೀ.

ಹತ್ತುವಾಗಲೇ ಕಾರು ಮುಲುಗುತ್ತಿತ್ತು. ಇಂಜಿನ್ ಕೂಗುತ್ತದೆ, ಕಾರು ಮಾತ್ರ ಮುಂದಕ್ಕೆ ಹೋಗಲು ಹಟ ಮಾಡುತ್ತದೆ. ರಕ್ಷಿತಾಳ ಎಡಗಾಲು ಕ್ಲಚ್ಚಿನ ಮೇಲೆಯೇ ಇತ್ತು. ಅವರಪ್ಪನ ಕಾಲೂ ಯಾವಾಗಲೂ ಅಲ್ಲೇ ಇರುತ್ತಿತ್ತು. ಶಿಲ್ಪಶ್ರೀ ಮೆಲ್ಲಗೆ, "ಗೇರು ಬಿದ್ಮೇಲೆ ಕಾಲು ತೆಗೀಬೇಕು ರಕ್ಷಿತಾ, ಪ್ಲೇಟು ಸವೆದುಹೋಗುತ್ತೆ" ಎಂದಳು. ಯಜಮಾನರು ತಿರುಗಿ ನೋಡಿದ ನೋಟಕ್ಕೆ ಸುಮ್ಮನಾದಳು.

ದರ್ಶನ ಚೆನ್ನಾಗಿಯೇ ಆಯಿತು. ಅತ್ತೆ ಮಡಿಲಲ್ಲಿ ಹೂವು, ತೆಂಗಿನಕಾಯಿ ಹೋಳು ಇಟ್ಟುಕೊಂಡು ಕೂತರು. ಇಳಿಜಾರು ಶುರುವಾಗುತ್ತಿದ್ದ ಹಾಗೇ ಯಜಮಾನರು, "ನ್ಯೂಟ್ರಲ್ ಮಾಡು ಮಗಳೇ. ಆಫ್ ಮಾಡು. ಇನ್ನು ಪೆಟ್ರೋಲ್ ಇಲ್ದೆ ಊರು ಸೇರ್ತೀವಿ ನೋಡು" ಎಂದರು.

"ಬೇಡ ರಕ್ಷಿತಾ!" ಎಂದು ಶಿಲ್ಪಶ್ರೀ ಹೇಳುವಷ್ಟರಲ್ಲಿ ಅವಳು ಕೀ ತಿರುಗಿಸಿಯಾಗಿತ್ತು. ಅಪ್ಪ ಹೇಳಿದ್ದನ್ನು ತಟ್ಟನೆ ಮಾಡುವ ಮಗಳು ಅವಳು.

ಸದ್ದು ನಿಂತಿತು. ಮೊದಲ ತಿರುವು ಬಂತು, ಬ್ರೇಕು ಹಿಡಿಯಿತು. ಎರಡನೆಯದಕ್ಕೂ ಹಿಡಿಯಿತು. ಆಮೇಲೆ ರಕ್ಷಿತಾ ಸೀಟಿನಲ್ಲಿ ಎದ್ದಂತೆ ಆಗಿ ಕಾಲು ಒತ್ತುತ್ತಿರುವುದು ನನಗೆ ಹಿಂದಿನಿಂದ ಕಾಣಿಸಿತು.

"ಅಪ್ಪಾ, ಬ್ರೇಕ್ ಒಳಗೇ ಹೋಗ್ತಿಲ್ಲ."

"ಜೋರಾಗಿ ಒತ್ತೇ!"

"ಒತ್ತುತಿದೀನಪ್ಪಾ! ಗಟ್ಟಿಯಾಗ್ಬುಟ್ಟಿದೆ!"

ಕಾರಿನ ವೇಗ ಏರುತ್ತಲೇ ಇತ್ತು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಎಡಗಡೆ ಕಣಿವೆ, ಕೆಳಗೆ ಆಟಿಕೆಯ ಹಾಗೆ ನಮ್ಮೂರು. ಬೆಟ್ಟಕ್ಕೆ ಬಂದಾಗಲೆಲ್ಲ ನೋಡಿ ಸಂತೋಷಪಡುವ ನೋಟ ಅದು. ಅವತ್ತು ಅದನ್ನು ನೋಡಿ ನನ್ನ ಜೀವ ಬಾಯಿಗೆ ಬಂತು. ಮುಂದಿನ ತಿರುವಿನಲ್ಲಿ, ಜನ ಊರು ನೋಡಲು ನಿಲ್ಲುವ ಜಾಗದಲ್ಲಿ, ಒಂದು ಸಂಸಾರ ಫೋಟೊ ತೆಗೆಸಿಕೊಳ್ಳಲು ಸಾಲಾಗಿ ನಿಂತಿತ್ತು. ನಮ್ಮ ಕಾರಿಗೆ ಸದ್ದೇ ಇಲ್ಲ, ಅವರಿಗೆ ಗೊತ್ತಾಗುವುದಾದರೂ ಹೇಗೆ? ಹಾರನ್ ಒತ್ತಬೇಕು ಎನ್ನುವುದು ಯಾರಿಗೂ ತೋಚಲಿಲ್ಲ. ಅತ್ತೆ "ಶಿವಶಿವಾ" ಎಂದು ನನ್ನ ತೋಳನ್ನು ಉಗುರು ಊರುವಂತೆ ಹಿಡಿದರು. ರೋಡಲ್ಲಿ ಕಲಿತ ನಮ್ಮ ಯಜಮಾನರು ಬಾಯಿ ತೆರೆದುಕೊಂಡು ಕೂತಿದ್ದರು.

ಶಿಲ್ಪಶ್ರೀ ಮುಂದಕ್ಕೆ ಬಾಗಿ ರಕ್ಷಿತಾಳ ಭುಜ ಹಿಡಿದಳು. ಪಾಠ ಹೇಳುವ ದನಿಯಲ್ಲೇ ಹೇಳಿದಳು.

"ನನ್ ಮಾತು ಕೇಳು. ಕೀ ಆನ್ ಮಾಡು. ಈಚೆಗೆ ಎಳೀಬೇಡ. ಕ್ಲಚ್ ಒತ್ತು, ಥರ್ಡ್ ಹಾಕು."

ಗೇರು ಬೀಳಲಿಲ್ಲ. ಗರ್ರ್ ಎಂದು ಹಲ್ಲು ಕಡಿದಂತೆ ಸದ್ದಾಯಿತು.

"ಬಿಡ್ಬೇಡ, ಮತ್ತೆ ಹಾಕು. ಹಾಂ, ಬಿತ್ತು. ಈಗ ಕ್ಲಚ್ ಮೆಲ್ಲಗೆ ಬಿಡು."

ಕಾರು ಒಮ್ಮೆ ಅದುರಿ ಇಂಜಿನ್ ಹೊತ್ತಿಕೊಂಡಿತು. ಯಾರೋ ಹಿಂದಿನಿಂದ ಹಗ್ಗ ಹಾಕಿ ಎಳೆದಂತೆ ವೇಗ ತಗ್ಗಿತು. "ಈಗ ಬ್ರೇಕ್ ಒತ್ತು. ಸೆಕೆಂಡ್ ಹಾಕು. ಬಲಕ್ಕೆ ತಗೋ, ಬೆಟ್ಟದ ಕಡೆ ಮಣ್ಣಿಗೆ ಹತ್ತಿಸು!" ಎಂದಳು ಶಿಲ್ಪಶ್ರೀ. ಯಜಮಾನರು ಆಗ ಎಚ್ಚೆತ್ತು ಹ್ಯಾಂಡ್‌ಬ್ರೇಕ್ ಎಳೆದರು. ಕಾರು ರಸ್ತೆ ದಾಟಿ ಮಣ್ಣಿನ ದಿಬ್ಬಕ್ಕೆ ಮೂತಿ ಗುದ್ದಿ ನಿಂತಿತು. ಎದುರಿನಿಂದ ಆ ಹೊತ್ತಿನಲ್ಲಿ ಯಾವ ಬಸ್ಸೂ ಬರಲಿಲ್ಲ, ಅದು ನಮ್ಮ ಪುಣ್ಯ. ಫೋಟೊ ತೆಗೆಸಿಕೊಳ್ಳುತ್ತಿದ್ದವರಲ್ಲಿ ಒಬ್ಬ ಹೆಂಗಸು ಕಂಕುಳಲ್ಲಿದ್ದ ಮಗುವನ್ನು ಅವುಚಿಕೊಂಡು ನಮ್ಮನ್ನೇ ನೋಡುತ್ತಿದ್ದಳು. ಆ ಕಣ್ಣುಗಳನ್ನು ನಾನು ಈಗಲೂ ಮರೆತಿಲ್ಲ.

ಅತ್ತೆಯ ಹಣೆ ಮುಂದಿನ ಸೀಟಿಗೆ ಬಡಿದು ರಕ್ತ ಬರುತ್ತಿತ್ತು. ಕಾಯಿ ಹೋಳು ಎಲ್ಲೋ ಉರುಳಿಹೋಗಿತ್ತು. ರಕ್ಷಿತಾ ಇನ್ನೂ ಸ್ಟೇರಿಂಗ್ ಬಿಟ್ಟಿರಲಿಲ್ಲ. ಆಗ ಯಜಮಾನರು ಮೊದಲು ಆಡಿದ ಮಾತು ಕೇಳಿ ನನಗೆ ಬ್ರೇಕ್ ಹೋದದ್ದಕ್ಕಿಂತ ಹೆಚ್ಚಿನ ಆಘಾತವಾಯಿತು.

"ಹುಡುಗಿ ಕೈಗೆ ಕಾರು ಕೊಟ್ಟಿದ್ದೇ ತಪ್ಪಾಯ್ತು!"

ಮಗಳು ಅಪ್ಪನ ಮುಖ ನೋಡಿದಳು. ಅಳಲೂ ಇಲ್ಲ. ನನ್ನ ಮೈ ಉರಿದುಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗನ್ನು ಹಣೆಗೆ ಒತ್ತಿಕೊಂಡು ಹೇಳಿದರು.

"ಅಂಗನ್ಬೇಡ ಕಣೋ ಚಂದ್ರ. ಆ ಮಗ ತಪ್ಪು ಮಾಡ್ನಿಲ್ಲ. ನೀನು ಹೇಳ್ಕೊಟ್ಟಿದ್ದನ್ನೇ ಮಾಡ್ತು."

ಯಜಮಾನರು ಕಾರಿನಿಂದಿಳಿದು ಕಲ್ಲಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಎದ್ದು ಬಂದು ಮಗಳ ತಲೆ ಮೇಲೆ ಕೈಯಿಟ್ಟರು. "ತಪ್ಪು ನಂದು ಮಗಳೇ" ಎಂದರು. ರಕ್ಷಿತಾ ಆಗ ಅತ್ತಳು.

ಅತ್ತೆಗೆ ಹೊಲಿಗೆ ಹಾಕಿಸಿದ ಮಾರನೇ ದಿನ ಮೆಕ್ಯಾನಿಕ್ ಸಿದ್ದರಾಜು ಬೆಟ್ಟದಿಂದ ಎಳೆಸಿ ತಂದ ಕಾರನ್ನು ತಮ್ಮ ಗ್ಯಾರೇಜಿನಲ್ಲಿ ಎತ್ತಿ ನಿಲ್ಲಿಸಿದರು. ಗೇರ್‌ಬಾಕ್ಸಿನ ಕೆಳಗಿನ ಬಿರಡೆ ಬಿಚ್ಚಿ ತಟ್ಟೆ ಹಿಡಿದರೆ ಎಣ್ಣೆ ಧಾರೆಯಾಗಿ ಬರಬೇಕಲ್ಲ? ತಳ ಹತ್ತಿದ ಪಾಕದಂಥದ್ದು ಒಂದಿಷ್ಟು ತೊಟ್ಟಿಕ್ಕಿತು. ಅದರಲ್ಲಿ ಏನೋ ಮಿಣುಮಿಣು ಮಿನುಗುತ್ತಿತ್ತು.

"ಏನಮ್ಮ ಅದು?" ಎಂದು ಯಜಮಾನರು ಶಿಲ್ಪಶ್ರೀಯನ್ನು ಕೇಳಿದರು.

"ಗೇರಿನ ಹಲ್ಲು ಸಾರ್. ಎಣ್ಣೆ ಇಲ್ದೆ ಒಂದಕ್ಕೊಂದು ತಿಕ್ಕಿ ಪುಡಿಯಾಗಿರೋದು. ಅದಕ್ಕೇ ನಿನ್ನೆ ಗೇರು ಬೀಳೋಕೆ ಅಷ್ಟು ಹಟ ಮಾಡಿದ್ದು. ಇನ್ನೊಂದು ಸ್ವಲ್ಪ ದಿನ ಬಿಟ್ಟಿದ್ರೆ ಬೀಳ್ತಾನೇ ಇರ್ಲಿಲ್ಲ."

ಬೀಳದೇ ಹೋಗಿದ್ದರೆ? ಯಜಮಾನರು ತಟ್ಟೆಯನ್ನೇ ನೋಡುತ್ತಾ ನಿಂತರು. "ದಿನಾ ಮೇಲೆಲ್ಲ ಒರೆಸ್ತಿದ್ದೆ ಕಣೇ" ಎಂದರು ನನಗೆ. ನಾನು ಅವರನ್ನು ಚುಚ್ಚಬಹುದಿತ್ತು. ಅವತ್ತು ಮನಸ್ಸು ಬರಲಿಲ್ಲ.

ಸೋರುತ್ತಿದ್ದ ಸೀಲ್, ಸವೆದ ಕ್ಲಚ್ ಪ್ಲೇಟು, ಸುಟ್ಟುಹೋದ ಬ್ರೇಕ್ ಶೂ, ಹಾಳಾದ ಗೇರು, ಎಲ್ಲ ಬದಲಾಯಿಸಿ, ಹೊಸ ಗೇರ್ ಆಯಿಲ್ ತುಂಬಿಸಿ ತಂದರು. ಗೋಣಿಚೀಲ ಕಸಕ್ಕೆ ಹೋಯಿತು. ಈಗ ಅವರು ಬೆಳಿಗ್ಗೆ ಕಾರು ಒರೆಸುವ ಮೊದಲು ಮಂಡಿಯೂರಿ ನೆಲ ನೋಡುತ್ತಾರೆ. ಪೂಜೆ ಬಿಟ್ಟಿಲ್ಲ, ಬಿಡುವುದೂ ಬೇಡ. ಆಯುಧಪೂಜೆಗೆ ಮುಂಚೆ ಗ್ಯಾರೇಜಿಗೆ ಹೋಗಿ ಬಂದು ಆಮೇಲೆ ವಿಭೂತಿ ಹಚ್ಚುತ್ತಾರೆ.

ಮತ್ತೆ ಬೆಟ್ಟಕ್ಕೂ ಹೋದೆವು. ಓಡಿಸಲು ರಕ್ಷಿತಾ ಒಲ್ಲೆ ಎಂದಳು. ಅವರಪ್ಪನೇ ಕೀ ಅವಳ ಕೈಗಿಟ್ಟು, "ಈ ಸಲ ಶಿಲ್ಪಶ್ರೀ ಮೇಡಂ ಹೇಳ್ದಂಗೆ ಓಡ್ಸು, ನಾನು ಹೇಳ್ದಂಗಲ್ಲ" ಎಂದರು. ಹತ್ತಿದ್ದು ಸೆಕೆಂಡ್ ಗೇರಿನಲ್ಲಿ, ಇಳಿದದ್ದೂ ಸೆಕೆಂಡ್ ಗೇರಿನಲ್ಲೇ. ಇಂಜಿನ್ ಗುಂಯ್ ಎನ್ನುತ್ತಾ ಕಾರನ್ನು ತಾನೇ ಹಿಡಿದುಕೊಂಡಿತ್ತು. ಅರ್ಧ ದಾರಿಯಲ್ಲಿ ಒಂದು ನೀಲಿ ಕಾರು ಸದ್ದಿಲ್ಲದೆ ನಮ್ಮನ್ನು ದಾಟಿ ಇಳಿಯಿತು. ಒಳಗೆ ಹೆಂಗಸರು, ಮಕ್ಕಳು. ಯಜಮಾನರು ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ, "ಸ್ವಾಮೀ, ಗೇರ್ ಹಾಕ್ಕೊಳ್ರೀ! ಆಫ್ ಮಾಡ್ಬೇಡ್ರೀ!" ಎಂದು ಕಿರುಚಿದರು. ಆ ಮನುಷ್ಯ ನಗುತ್ತಾ ಕೈಬೀಸಿ ಹೋದ. ಆ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಯಜಮಾನರು ಅದನ್ನೇ ನೋಡಿದರು.

ಕಾರಿರುವ ಅಣ್ಣಂದಿರೇ, ಅಕ್ಕಂದಿರೇ, ನಾಳೆ ಬೆಳಿಗ್ಗೆ ನಿಮ್ಮ ಕಾರಿನ ಕೆಳಗೆ ಒಮ್ಮೆ ಬಗ್ಗಿ ನೋಡಿ. ಕಲೆ ಕಂಡರೆ ತೊಳೆದು ಸುಮ್ಮನಾಗಬೇಡಿ, ಅವತ್ತೇ ಗ್ಯಾರೇಜಿಗೆ ಹೋಗಿ. ಸರ್ವೀಸಿಗೆ ಬಿಟ್ಟಾಗ ಇಂಜಿನ್ ಆಯಿಲ್ ಜೊತೆಗೆ ಗೇರ್ ಆಯಿಲ್ ನೋಡಿದ್ದೀರಾ ಎಂದು ಬಾಯಿಬಿಟ್ಟು ಕೇಳಿ. ಗೇರು ಬಿದ್ದ ಮೇಲೆ ಕ್ಲಚ್ಚಿನಿಂದ ಕಾಲು ತೆಗೆಯಿರಿ. ಕಾರು ಪುಟ್ಟದಾದರೂ ಅದರಲ್ಲಿ ಕೂರುವುದು ಇಡೀ ಸಂಸಾರ. ಬೆಟ್ಟವಿರಲಿ, ಸೇತುವೆಯ ಇಳಿಜಾರಿರಲಿ, ಇಂಜಿನ್ ಆರಿಸಬೇಡಿ, ನ್ಯೂಟ್ರಲ್ ಮಾಡಬೇಡಿ. ಹತ್ತಿದ ಗೇರಿನಲ್ಲೇ ಇಳಿಯಿರಿ.

ಆ ನೀಲಿ ಕಾರಿನವರು ನೀವೇ ಆಗಿದ್ದರೆ, ಅವತ್ತು ನಮ್ಮ ಯಜಮಾನರು ಕಿರುಚಿದ್ದು ಇದನ್ನೇ. ನಿಮ್ಮ ಪಕ್ಕದಲ್ಲಿ ಕೂತು ನಿಮ್ಮ ಕೈಕಾಲನ್ನೇ ನೋಡುತ್ತಿರುವ ಮಗನೋ ಮಗಳೋ ನಾಳೆ ಅದೇ ರಸ್ತೆಯಲ್ಲಿ ನೀವು ಮಾಡಿದ್ದನ್ನೇ ಮಾಡುತ್ತಾರೆ. ಅವತ್ತು ಹಿಂದಿನ ಸೀಟಿನಲ್ಲಿ ಶಿಲ್ಪಶ್ರೀ ಇರುವುದಿಲ್ಲ.