ಹೊಟ್ಟೆಯೊಳಗಿನ ಮಗು ಸುಮ್ಮನಾದಾಗ

ಬೇಸಿಗೆಯಲ್ಲೂ ಹಿಮ ಬೀಳುವ ಕಿರ್ಗಿಜ್ ಬೆಟ್ಟಗಳ ಹುಲ್ಲುಗಾವಲಿನಲ್ಲಿ ಬಸುರಿ ಸೊಸೆಯನ್ನು ಬೆಚ್ಚಗಿಡುವುದೆಂದರೆ ಅತ್ತೆಯ ಮರ್ಯಾದೆಯ ಮಾತು. ಸೊಸೆ ನಡುಗಿದಳೆಂದು ಪಕ್ಕದ ಗುಡಾರಕ್ಕೆ ಗೊತ್ತಾದರೆ ಸಾಕು, ಕುದುರೆ ಹಾಲು ಕರೆಯುವ ಹೊತ್ತಿಗೆ ಅದು ಇಡೀ ಕಣಿವೆಯ ಸುದ್ದಿಯಾಗಿರುತ್ತದೆ. ಹಾಗಾಗಿ ಅಕಾಲದಲ್ಲಿ ಹಿಮ ಸುರಿದ ದಿನ ಕಾಲಿಪಾ ಯಾರ ಬಾಯಿಗೂ ಬೀಳಬಾರದೆಂದು ಟೊಂಕ ಕಟ್ಟಿ ನಿಂತಳು. ಗುಡಾರದ ನೆತ್ತಿಯ ಬೆಳಕಿಂಡಿಗೆ ದಪ್ಪ ಕಂಬಳಿ ಎಳೆದು ಬಿಗಿದಳು. ಬೆರಣಿಯ ಕೆಂಡವನ್ನು ಬೋಗುಣಿಗೆ ತುಂಬಿ ಸೊಸೆಯ ಹಾಸಿಗೆಯ ಪಕ್ಕದಲ್ಲೇ ಇಟ್ಟಳು. ಆಮೇಲೆ ನಿಶ್ಚಿಂತೆಯಾಗಿ ಹಾಲು ಕರೆಯಲು ಹೋದಳು.

ಸೊಸೆ ನುರ್ಜಾಮಲ್‌ಗೆ ದಿನ ತುಂಬುತ್ತಾ ಬಂದಿತ್ತು. ಹಿರಿಯರೆದುರು ದನಿ ಎತ್ತದ ಹುಡುಗಿ. ಬೆಳಗಿನಿಂದ ತಲೆ ಸಿಡಿಯುತ್ತಿದ್ದರೂ ಹೇಳಿರಲಿಲ್ಲ. ಮಧ್ಯಾಹ್ನ ಅತ್ತೆ ಒಳಗೆ ಬಂದಾಗ, ತಾಯಿಯಂಥ ಹಿರಿಯ ಹೆಂಗಸರನ್ನು ಅಲ್ಲಿ ಎಲ್ಲರೂ ಕರೆಯುವಂತೆ 'ಅಪಾ' ಎಂದು ಕರೆದು ಮೆಲ್ಲಗೆ ಅಂದಳು.

"ಅಪಾ, ಮಗು ಇವತ್ತು ಅಷ್ಟಾಗಿ ಆಡ್ತಿಲ್ಲ."

"ಒಳ್ಳೇದೇ ಆಯ್ತಲ್ಲ? ಬೆಚ್ಚಗಿದೆ, ನಿದ್ದೆ ಹೊಡೀತಿದೆ. ನಿನ್ನ ಗಂಡ ನನ್ನ ಹೊಟ್ಟೇಲಿ ಕುಸ್ತೀನೇ ಆಡ್ತಿದ್ದ. ಇದು ನಿನ್ನ ಥರ ಸಾಧು."

ಅಷ್ಟರಲ್ಲಿ ಬಾಗಿಲ ಕಂಬಳಿ ಸರಿಸಿ ಒಳಗೆ ಬಂದವಳು ಸಾಲ್ಟಾನಾತ್, ಮಕ್ಕಳಿಗೆ ಲಸಿಕೆ ಹಾಕಲು ಗುಡಾರದಿಂದ ಗುಡಾರಕ್ಕೆ ತಿರುಗುತ್ತಿದ್ದ ದಾದಿ. ಕಾಲಿಪಾ ಚಹಾ ಬಗ್ಗಿಸಿದಳು. ಸಾಲ್ಟಾನಾತ್ ಬಟ್ಟಲನ್ನು ಮುಟ್ಟಲಿಲ್ಲ. ಅವಳ ಕಣ್ಣು ಬೋಗುಣಿಯ ಮೇಲಿತ್ತು.

"ಅಪಾ, ಚಹಾ ಆಮೇಲೆ. ಮೊದ್ಲು ಇವಳನ್ನ ಹೊರಗೆ ಕರ್ಕೊಂಡು ಹೋಗೋಣ, ಏಳಿ."

"ಹಿಮದಲ್ಲಾ? ತಲೆ ನೆಟ್ಟಗಿದ್ಯಾ ನಿಂಗೆ?"

"ಈ ಕೆಂಡದಿಂದ ವಿಷಗಾಳಿ ಬರ್ತಿದೆ."

"ಹೊಗೇನೇ ಇಲ್ವಲ್ಲೇ."

"ಹೊಗೆ ಬಂದಿದ್ರೆ ಕೆಮ್ಮಿ ಎದ್ದು ಹೋಗಿರೋಳು. ಈ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನುರ್ಜಾಮಲ್, ತಲೆ ನೋಯ್ತಿದ್ಯಾ?"

ಹುಡುಗಿ ಅತ್ತೆಯ ಮುಖ ನೋಡಿ ಹೌದೆಂದು ತಲೆಯಾಡಿಸಿದಳು. ಕಾಲಿಪಾ ಮರುಮಾತಾಡದೆ ಸೊಸೆಯ ತೋಳು ಹಿಡಿದು ಎಬ್ಬಿಸಿದಳು.

ಹೊರಗಿನ ಗಾಳಿಗೆ ಬಂದು ಸ್ವಲ್ಪ ಹೊತ್ತಿಗೆ ನುರ್ಜಾಮಲ್‌ಳ ಮುಖಕ್ಕೆ ಕಳೆ ಬಂತು. ಅವಳನ್ನು ಪಕ್ಕದವರ ಗುಡಾರದಲ್ಲಿ ಮಲಗಿಸಿದರು. ಕಾಲಿಪಾಗೆ ಮತ್ತೆ ಧೈರ್ಯ ಬಂತು. "ನೋಡು, ಸರಿ ಹೋದ್ಲು. ಐದು ಹೆತ್ತೋಳು ನಾನು. ಸುಮ್ಮನೆ ಆಸ್ಪತ್ರೆ ಗಿಸ್ಪತ್ರೆ ಅನ್ಬೇಡ."

"ಇವಳು ಸರಿ ಹೋದ್ಲು, ಅಪಾ. ಮಗು ಇನ್ನೂ ಸರಿ ಹೋಗಿಲ್ಲ. ತಾಯಿ ರಕ್ತದಿಂದ ಆ ವಿಷ ಬೇಗ ಇಳಿಯತ್ತೆ, ಮಗುವಿನ ರಕ್ತದಿಂದ ಇಳಿಯೋದು ತಡ." ಸಾಲ್ಟಾನಾತ್ ಮರದ ಕೊಳವೆಯನ್ನು ಹೊಟ್ಟೆಗಿಟ್ಟು ಕಿವಿಗೊಟ್ಟಳು. ಆಮೇಲೆ ಸರಿದು ಕೂತಳು. "ನೀವೇ ಕೇಳಿ."

ಕಾಲಿಪಾ ಕಿವಿಯಿಟ್ಟಳು. "ನಿಧಾನ ಬಡೀತಿದೆ. ನಿದ್ದೇಲಿ ಹಾಗೇ ಅಲ್ವಾ?"

"ಒಳಗಿರೋ ಮಗುವಿನ ಗುಂಡಿಗೆ ನಿದ್ದೇಲೂ ಓಡೋ ಕುದುರೆ ಥರ ಬಡೀಬೇಕು. ಇದು ದಣಿದ ಕುದುರೆ ನಡಿಗೆ."

ದಣಿದ ಕುದುರೆಯ ನಡಿಗೆಯನ್ನು ಕಾಲಿಪಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಹೋದ ಚಳಿಗಾಲದಲ್ಲಿ ಹುಲ್ಲು ಸಾಲ್ದೇ ಹೋದಾಗ ಏನ್ ಮಾಡಿದ್ರಿ, ಅಪಾ?"

"ಗಬ್ಬದ ಕುದುರೆಗಳಿಗೆ ಮೊದ್ಲು ಹಾಕ್ದೆ. ಮಿಕ್ಕವಕ್ಕೆ ಮಿಕ್ಕಿದ್ದು."

"ಮಗೂನೂ ಅದನ್ನೇ ಮಾಡ್ತಿದೆ. ಅದು ತಾನಾಗಿ ಉಸಿರಾಡಲ್ಲ. ತಾಯಿ ರಕ್ತದಲ್ಲಿರೋ ಪ್ರಾಣವಾಯು ಹೊಕ್ಕುಳಬಳ್ಳೀಲಿ ಹೋದ್ರೇನೇ ಉಂಟು. ಆ ವಿಷ ರಕ್ತದಲ್ಲಿ ಅದರ ಜಾಗ ಹಿಡ್ದು ಅದು ಕಮ್ಮಿ ಬಿದ್ರೆ, ಇರೋದನ್ನ ಮೊದ್ಲು ಮಿದುಳಿಗೆ, ಗುಂಡಿಗೆಗೆ ಕಳಿಸತ್ತೆ. ಕೈಕಾಲಿಗೆ, ಕರುಳಿಗೆ ಹೋಗೋ ರಕ್ತ ಕಮ್ಮಿ ಮಾಡತ್ತೆ. ಗುಂಡಿಗೆ ಬಡಿತಾನೂ ನಿಧಾನ ಮಾಡ್ಕೊಳತ್ತೆ. ಅದಕ್ಕೇ ಒದೀತಿಲ್ಲ."

"ಅಂದ್ರೆ ನಿದ್ದೆ ಮಾಡ್ತಿಲ್ಲ."

"ಇಲ್ಲ, ಅಪಾ. ಇರೋದ್ರಲ್ಲೇ ಜೀವ ಹಿಡ್ಕೊಂಡಿದೆ."

ಕಾಲಿಪಾಳ ದನಿ ತಗ್ಗಿತು. "ಹುಲ್ಲಿನ ಗಾಡಿ ಬರೋದು ತಡ ಆಯ್ತು ಆವಾಗ. ಕೊನೆಗೆ ಗಬ್ಬದವೂ ಉಳೀಲಿಲ್ಲ."

ಅಷ್ಟು ಹೇಳಿ ಎದ್ದವಳೇ ಹೊರಗೆ ನಿಂತು ಮಗನನ್ನು ಕೂಗಿದಳು. "ಎರ್ಮೆಕ್, ಕುದುರೆ ಆಮೇಲೆ ಕಟ್ಟು. ಜೀಪು ತೆಗಿ."

ಕೆಳಗಿನ ಆಸ್ಪತ್ರೆಯಲ್ಲಿ ನುರ್ಜಾಮಲ್‌ಳ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿದರು. ಅವಳಿಗೆ ಆರಾಮವೆನಿಸಿದ ಮೇಲೂ ತೆಗೆಯಲಿಲ್ಲ. ಮಗುವಿನ ಬಡಿತ ಯಂತ್ರದಲ್ಲಿ ಕೇಳುತ್ತಲೇ ಇತ್ತು. ಅಗತ್ಯ ಬಿದ್ದರೆ ಆಪರೇಷನ್ ಮಾಡಿ ಮಗುವನ್ನು ತೆಗೆಯಲು ವೈದ್ಯರು ಸಿದ್ಧರಾಗಿದ್ದರು. ಕಾಲಿಪಾ ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂತವಳು ಏಳಲೇ ಇಲ್ಲ. ಹೊತ್ತು ಇಳಿಯುವಾಗ ಬಡಿತ ಚುರುಕಾಯಿತು. ಆಮೇಲೆ ಅವಳ ಅಂಗೈಗೆ ಒಂದು ಒದೆ ಬಿತ್ತು.

"ಒದಿ ಬಂಗಾರ," ಅಂದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ನಿಮ್ಮಮ್ಮ ಹೇಳಿದ್ದನ್ನ ಕಿವಿಗೆ ಹಾಕ್ಕೊಳ್ದೆ ಇದ್ದ ಅಜ್ಜಿಗೆ ಇನ್ನೊಂದು ಒದಿ."

ತಾಯಂದಿರೇ, ಅತ್ತೆಯಂದಿರೇ, ಬಸುರಿಯನ್ನಾಗಲಿ ಬಾಣಂತಿಯನ್ನಾಗಲಿ ಬೆಚ್ಚಗಿಡಿ, ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಮಗುವಿನ ಆಟ ಎಂದಿಗಿಂತ ಕಡಿಮೆಯಾಗಿದೆ ಎಂದು ಬಸುರಿ ಹೇಳಿದರೆ ನಂಬಿ, ನಾಳೆ ನೋಡೋಣ ಎನ್ನದೆ ಆಗಲೇ ಆಸ್ಪತ್ರೆಗೆ ಹೊರಡಿ. ಅವಳು ಹೇಳಲು ನಾಚಿದರೆ ನೀವೇ ಕೇಳಿ. ಮಗು ಅತ್ತು ಕರೆಯುವುದು ಹುಟ್ಟಿದ ಮೇಲೆ. ಒಳಗಿರುವಾಗ ಕಷ್ಟ ಬಂದರೆ ಸುಮ್ಮನಾಗುವುದಷ್ಟೇ ಅದಕ್ಕೆ ಗೊತ್ತು.