ಗೂಡಿನ ಗಿಡಕ್ಕೆ ಔಷಧಿ ಹೊಡೆದ ಅಳಿಯ

ದಾಸವಾಳದ ಚಿಗುರಿಗೆ ಯಾರೋ ಹತ್ತಿ ಅಂಟಿಸಿ ಹೋದಂತೆ ಕಾಣುತ್ತಿತ್ತು. ಬೇಕರಿಯವನು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. ಹತ್ತಿಯಲ್ಲ, ಹುಳ! ಎಲೆಯ ಅಡಿಯಲ್ಲಿ, ಕಾಂಡದ ಸಂದಿಯಲ್ಲಿ, ಮೈಗೆಲ್ಲ ಬಿಳಿ ಹಿಟ್ಟು ಮೆತ್ತಿಕೊಂಡ ಪುಟ್ಟ ಹುಳಗಳು ಸಾಲಾಗಿ ಕೂತು ರಸ ಹೀರುತ್ತಿದ್ದವು. ದಿನವಿಡೀ ಹಿಟ್ಟಿನಲ್ಲೇ ಮುಳುಗಿರುವ ಅವನಿಗೂ ಈ ಹಿಟ್ಟು ಕಂಡು ಮೈ ಜುಮ್ಮೆಂದಿತು.

ಗಿಡ ಅಂಗಳದಲ್ಲಿದ್ದಿದ್ದರೆ ಅವನು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಇದ್ದದ್ದು ಕಿಟಕಿಯ ಪಕ್ಕದ ಆಳೆತ್ತರದ ಜಾಲರಿ ಗೂಡಿನಲ್ಲಿ. ಗೂಡಿನಲ್ಲೊಂದು ಹಸಿರು ಗೋಸುಂಬೆ. ಒಂದು ಹೆಜ್ಜೆ ಎತ್ತಿಡಲು ನಾಲ್ಕು ಸಲ ಯೋಚಿಸುವ ಅದರ ಗತ್ತು ನೋಡಿ ಅತ್ತೆ ಅದನ್ನು "ಸಾಹೇಬ್ರು" ಎಂದು ಕರೆಯುತ್ತಿದ್ದರು.

ಪಾರ್ಶ್ವವಾಯು ಹೊಡೆದು ಬಲಗೈ ಸೋತ ಮೇಲೆ ಅತ್ತೆ ಮಗಳ ಮನೆಗೆ ಬಂದಿದ್ದರು. ಮಗಳೂ ಅಳಿಯನೂ ಬೇಕರಿಗೆ ಹೊರಟರೆ ಮನೆಯಲ್ಲಿ ಒಬ್ಬರೇ. ಗೋಡೆ ನೋಡುತ್ತ ಕೂರುವ ಅವರಿಗೆ ಜೊತೆಯಾಗಲಿ ಎಂದು, ಊರು ಬಿಟ್ಟು ಹೊರಟಿದ್ದ ಗಿರಾಕಿಯೊಬ್ಬರಿಂದ ಗೂಡು ಸಮೇತ ಗೋಸುಂಬೆಯನ್ನು ತಂದವನು ಅಳಿಯನೇ. "ಬೇರೆ ಯಾವ ಪ್ರಾಣೀನೂ ಸಿಗ್ಲಿಲ್ವಾ ನಿಮಗೆ?" ಎಂದು ಹೆಂಡತಿ ಮೂಗು ಮುರಿದಿದ್ದಳು. ಆದರೆ ಅತ್ತೆಯ ಮುಖದಲ್ಲಿ ಕಳೆ ಬಂತು. ಗೋಸುಂಬೆ ಬಟ್ಟಲಿಗೆ ಬಾಯಿಟ್ಟು ನೀರು ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿ ನೆಕ್ಕುತ್ತದೆ. ಬೆಳಿಗ್ಗೆ, ಸಂಜೆ ಸ್ಪ್ರೇ ಬಾಟಲಿ ಒತ್ತಿ ಎಲೆ ತೋಯಿಸುವುದು ಅತ್ತೆಯ ಕೆಲಸ. ಒತ್ತಿ ಒತ್ತಿ ಸೋತ ಬಲಗೈ ಬೆರಳುಗಳಿಗೆ ಚೂರುಚೂರೇ ಶಕ್ತಿ ಮರಳುತ್ತಿತ್ತು.

"ಹುಳದ ಔಷಧಿ ತಂದಿದೀನಿ ಅತ್ತೆ," ಎಂದ ಅಳಿಯ, ಬಾಟಲಿ ತೋರಿಸುತ್ತ.

"ಬೇಡಿ ಅಳಿಯಂದ್ರೆ. ಡಾಕ್ಟರಮ್ಮನ್ನ ಒಂದ್ಮಾತು ಕೇಳಿ," ಎಂದರು ಅತ್ತೆ, ಮಾತು ತುಸು ತೊದಲುತ್ತ.

ಪ್ರಾಣಿಗಳ ಡಾಕ್ಟರಮ್ಮ ಪಕ್ಕದ ಬೀದಿಯವರೇ. ಬ್ರೆಡ್ಡಿಗೆಂದು ದಿನಾ ಬೇಕರಿಗೆ ಬರುವವರು.

"ಇಷ್ಟಕ್ಕೆಲ್ಲ ಡಾಕ್ಟ್ರು ಯಾಕತ್ತೆ? ಗಿಡಮೂಲಿಕೆಯಿಂದ ಮಾಡಿದ್ದು ಅಂತ ಬರ್ದಿದಾರೆ ನೋಡಿ. ನಾನು ಹೊಡೆಯೋದು ಎಲೆಗೆ, ಸಾಹೇಬ್ರಿಗಲ್ಲ!"

ಅತ್ತೆ ಒಪ್ಪಲಿಲ್ಲ. ಅವರು ಮಲಗಿದ ಹೊತ್ತು ನೋಡಿ ಅಳಿಯ ಗೂಡಿನ ಬಾಗಿಲು ತೆರೆದು, ಎಲೆಗಳ ಅಡಿಗೆಲ್ಲ ಔಷಧಿ ಹೊಡೆದು, ಏನೂ ಮಾಡದವನಂತೆ ಕೈ ತೊಳೆದುಕೊಂಡ.

ಮರುದಿನ ಬೆಳಿಗ್ಗೆ ಒಲೆಯಿಂದ ಬನ್ನಿನ ತಟ್ಟೆ ಎಳೆಯುತ್ತಿದ್ದಾಗ ಮನೆಯಿಂದ ಫೋನ್ ಬಂತು. ಅತ್ತೆ ಅಳುತ್ತಿದ್ದರು.

"ಸಾಹೇಬ್ರು ಕಣ್ಣೇ ಬಿಡ್ತಿಲ್ಲ ಅಳಿಯಂದ್ರೆ... ಮೈಯೆಲ್ಲ ಕಪ್ಪಾಗಿದೆ. ಈಗ ತಾನೇ ನೀರು ಹೊಡ್ದೆ, ನೆಕ್ಕಿದ್ರು, ಆಮೇಲೆ ಕೊಂಬೆಯಿಂದ ಬಿದ್ದೇ ಬಿಟ್ರು. ನನ್ನ ಕೈಯೇ ಸರಿಯಿಲ್ಲ. ಏನು ಮಾಡ್ಬಿಟ್ನೋ ನಾನು..."

ಅಳಿಯ ತಟ್ಟೆಯನ್ನು ಹಾಗೇ ಕೆಳಗಿಟ್ಟ. ನೀರು ಅತ್ತೆಯದೇ, ಆದರೆ ಎಲೆಯ ಮೇಲಿದ್ದ ವಿಷ ಅವನದು. ಅವನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅತ್ತೆಯೊಬ್ಬರೇ ಜೀವಮಾನವಿಡೀ ತಮ್ಮ ಕೈಯನ್ನು ಶಪಿಸಿಕೊಳ್ಳುತ್ತಿದ್ದರು, ಅಷ್ಟೇ.

"ಅತ್ತೆ, ಅಳ್ಬೇಡಿ. ನಿಮ್ಮ ಕೈ ಏನೂ ಮಾಡಿಲ್ಲ," ಎಂದ. "ನಿನ್ನೆ ನೀವು ಮಲಗಿದ್ದಾಗ ನಾನೇ ಔಷಧಿ ಹೊಡ್ದೆ. ಬಂದೆ, ಈಗ್ಲೇ ಬಂದೆ."

ಓಡುತ್ತಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದ. ಅವರು ಬಯ್ಯಲಿಲ್ಲ. "ಮೊದ್ಲು ಅದನ್ನ ಗೂಡಿಂದ ಹೊರಗೆ ತೆಗೀರಿ. ಗಾಳಿಯಾಡೋ ಡಬ್ಬಿಗೆ ಮೆತ್ತನೆ ಬಟ್ಟೆ ಹಾಸಿ ಕರ್ಕೊಂಡು ಬನ್ನಿ. ಮನೇಲಿ ಏನೂ ಕುಡಿಸ್ಬೇಡಿ. ಔಷಧಿ ಬಾಟಲಿ ಮರೀಬೇಡಿ, ಯಾವ ವಿಷ ಅಂತ ಗೊತ್ತಾಗ್ಬೇಕು ನಂಗೆ."

ಅವನು ಡಬ್ಬಿಯೂ ಬಾಟಲಿಯೂ ಹಿಡಿದು ತಲುಪುತ್ತಲೇ ಡಾಕ್ಟರಮ್ಮ ಗೋಸುಂಬೆಯ ಮೈ ಒರೆಸಿ ತೊಳೆದರು, ಸೂಜಿ ಚುಚ್ಚಿದರು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರು. "ಉಳಿಯುತ್ತೆ ಅಂತ ಮಾತು ಕೊಡಕ್ಕಾಗಲ್ಲ," ಎಂದರು. ಅಳಿಯನ ಮುಖ ಸಪ್ಪಗಾಯಿತು.

ಮನೆಗೆ ಬಂದು ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತ. ಅತ್ತೆ, "ನಂಗೆ ಹೇಳಿದ್ರಲ್ಲ, ಅಷ್ಟು ಸಾಕು. ಏಳಿ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು," ಎಂದರು.

ಕೆಲವು ದಿನ ಕಳೆದು ಗೋಸುಂಬೆ ಕಣ್ಣು ಹೊರಳಿಸಿ ಡಾಕ್ಟರಮ್ಮ ಕೊಟ್ಟ ಮಿಡತೆ ಹಿಡಿಯಿತು. ಡಾಕ್ಟರಮ್ಮ ತಾವೇ ಅದನ್ನು ಎತ್ತಿಕೊಂಡು ಮನೆಗೆ ಬಂದರು. ಆದರೆ ಗೂಡಿಗೆ ಬಿಡಲಿಲ್ಲ.

"ಔಷಧಿ ಹೊಡೆದ ಗಿಡ ಎಲ್ಲಿ?"

"ಚೆನ್ನಾಗಿ ತೊಳೆದಿಟ್ಟಿದೀನಿ ಡಾಕ್ಟರಮ್ಮ."

"ಅದು ಮತ್ತೆ ಗೂಡಿಗೆ ಬೇಡ. ಕೆಲವು ಔಷಧಿ ಗಿಡದ ಒಳಗೇ ಇಳಿದಿರುತ್ತೆ, ತೊಳೆದ್ರೆ ಹೋಗಲ್ಲ. ಗೂಡನ್ನ ಸೋಪುನೀರಲ್ಲಿ ಉಜ್ಜಿ, ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ."

ಗೂಡಿನ ಹೊರಗೆ, ಔಷಧಿ ಬೀಳದ ಇನ್ನೊಂದು ಕುಂಡದಲ್ಲಿ ಮನಿಪ್ಲಾಂಟ್ ಇತ್ತು. ಅದಕ್ಕೂ ಹುಳ ಹತ್ತಿತ್ತು. ಡಾಕ್ಟರಮ್ಮ ಅದನ್ನು ಬಚ್ಚಲಿಗೆ ಒಯ್ದು ಎಲೆಗಳ ಅಡಿಗೆ ಜೋರಾಗಿ ನೀರು ಬಿಡಿಸಿದರು. ಆಮೇಲೆ ಕಡ್ಡಿಗೆ ಹತ್ತಿ ಸುತ್ತಿ, ಗಾಯ ಒರೆಸುವ ಸ್ಪಿರಿಟ್ಟಿನಲ್ಲಿ ಅದ್ದಿ, ಉಳಿದ ಹುಳಗಳನ್ನು ಒಂದೊಂದಾಗಿ ತೆಗೆದು ತೋರಿಸಿದರು. ಅತ್ತೆ ಕೈ ಚಾಚಿ ಕಡ್ಡಿ ಕೇಳಿದರು.

"ಇಷ್ಟೇನಾ?" ಎಂದ ಅಳಿಯ. "ಒಂದೇ ಸಲಕ್ಕೆ ಹೋಗುತ್ತಾ?"

"ಎಲ್ಲಿ ಹೋಗುತ್ತೆ! ಮೊಟ್ಟೆ ಇರುತ್ತಲ್ಲ. ವಾರಕ್ಕೊಂದು ಸಲ ಹೀಗೇ ಮಾಡಿ, ಪ್ರತಿ ಸಲ ಆಮೇಲೆ ಬರೀ ನೀರಲ್ಲಿ ತೊಳೀರಿ. ಮೇಲಿನ ಮಣ್ಣು ತೆಗೆದು ಗೊಬ್ಬರ, ಔಷಧಿ ಏನೂ ಇಲ್ಲದ ಮಣ್ಣು ಹಾಕಿ. ಹುಳ ಪೂರ್ತಿ ಹೋಗೋವರೆಗೂ ಗಿಡ ಹೊರಗೇ ಇರ್ಲಿ. ಅಲ್ಲಿವರೆಗೆ ಸಾಹೇಬ್ರಿಗೆ ಒಣಕೊಂಬೆ, ಪ್ಲಾಸ್ಟಿಕ್ ಎಲೆ ಸಾಕು."

"ಪ್ಲಾಸ್ಟಿಕ್ ಎಲೆಗೆ ಸಾಹೇಬ್ರು ಒಪ್ತಾರೋ ಇಲ್ವೋ," ಎಂದರು ಅತ್ತೆ. ಎಲ್ಲರೂ ನಕ್ಕರು. ಮೂಗು ಮುರಿದಿದ್ದ ಮಗಳೇ ಒಣಕೊಂಬೆ ಹುಡುಕಲು ಹೊರಟಳು.

ಆಮೇಲೆ ಆ ಮನೆಗೆ ಹೊಸ ಗಿಡ ಬಂದರೂ ನೇರವಾಗಿ ಗೂಡಿಗೆ ಹೋಗುವುದಿಲ್ಲ. ಅದಕ್ಕೆ ಯಾವ ಔಷಧಿ ಹೊಡೆದಿದ್ದಾರೆ ಎಂದು ಅಳಿಯ ನರ್ಸರಿಯಲ್ಲೇ ವಿಚಾರಿಸುತ್ತಾನೆ. ಸರಿಯಾದ ಉತ್ತರ ಸಿಗದಿದ್ದರೆ ತರುವುದೇ ಇಲ್ಲ. ತಂದದ್ದನ್ನು ತೊಳೆದು, ಕೆಲವು ವಾರ ಬೇರೆ ಕೋಣೆಯಲ್ಲಿಟ್ಟು, ಎಲೆ ಮಗುಚಿ ನೋಡಿ, ಅತ್ತೆ ಹೂಂ ಎಂದ ಮೇಲಷ್ಟೇ ಒಳಗಿಡುತ್ತಾನೆ.

ನಿಮ್ಮ ಮನೆಯಲ್ಲೂ ಗೋಸುಂಬೆಯೋ, ಆಮೆಯೋ, ಸಾಕುಹಲ್ಲಿಯೋ ಇರಬಹುದು. ಅದರ ಗೂಡಿನ ಗಿಡಕ್ಕೆ ಹುಳ ಹತ್ತಿದರೆ ಗಾಬರಿಬಿದ್ದು ಔಷಧಿಯಂಗಡಿಗೆ ಓಡಬೇಡಿ. ಪ್ರಾಣಿಯನ್ನು ಬೇರೆಡೆ ಇಡಿ, ಗಿಡವನ್ನು ಹೊರಗೆ ತನ್ನಿ, ನೀರಿನಿಂದ ಮತ್ತು ಕೈಯಿಂದ ಹುಳ ತೆಗೆಯಿರಿ. ಗಿಡಮೂಲಿಕೆಯದು ಎಂದು ಬರೆದಿದ್ದರೂ ಗೂಡಿನೊಳಗೆ ಏನನ್ನೂ ಹೊಡೆಯಬೇಡಿ. ಅನುಮಾನವಿದ್ದರೆ ಪ್ರಾಣಿಗಳ ಡಾಕ್ಟರಿಗೆ ಒಂದು ಫೋನ್ ಮಾಡಿ, ನಾಚಿಕೆ ಬೇಡ. ಆ ಮೂಕಜೀವ ನಿಮ್ಮನ್ನು ಏನೂ ಕೇಳುವುದಿಲ್ಲ. ನೀವಿಟ್ಟ ಎಲೆಯನ್ನು ನಂಬಿ ನಾಲಿಗೆ ಚಾಚುತ್ತದೆ.